ವಿಮಾನಕ್ಕೆ ಬೇರೆ ಎಂಜಿನ್ನು: ಪ್ರತಿನಿಧಿ-ವಿಚಾರ

ದೇವರ ಪೂಜೆಗೆ ಕುಳಿತ ಗೃಹಸ್ಥನ ಬಳಿಯಲ್ಲಿ ವಸ್ತ್ರವಿಲ್ಲದಿದ್ದರೆ ವಸ್ತ್ರಕ್ಕಾಗಿ ಅಕ್ಷತೆ, ಆಭರಣವಿಲ್ಲದಿದ್ದರೆ ಆಭರಣಕ್ಕಾಗಿ ಅಕ್ಷತೆ, ವಿಗ್ರಹವೇ ಇಲ್ಲದಿದ್ದರೆ ವಿಘ್ನೇಶ್ವರನಿಗಾಗಿ ಒಂದು ಅಡಿಕೆ, ಹೀಗೆ ಇಲ್ಲದುದರ ಸ್ಥಾನದಲ್ಲಿ ಇರುವುದನ್ನು ನಿಲ್ಲಿಸಿ ಕರ್ಮವನ್ನು ಮುಂದುವರಿಸುವ ಪದ್ಧತಿಯು ಧಾರವಾಡದ ಮನೆಗಳಲ್ಲಿ ಹುಟ್ಟಿ ಬೆಳೆದವರಾರಿಗೂ ವಿಚಿತ್ರವೆಂದು ತೋರುವುದಿಲ್ಲ. ಪುರೋಹಿತರು ಮಂತ್ರವನ್ನು ನಿಲ್ಲಿಸದೆಯೆ ಕಣ್ಣಿನಿಂದ ಅಕ್ಷತೆಯ ಬಟ್ಟಲನ್ನು ತೋರಿಸುತ್ತಾರೆ. ಯಜಮಾನನು ನಾಲ್ಕು ಕಾಳುಗಳನ್ನು ಎತ್ತಿ ಹಾಕುತ್ತಾನೆ. ದೇವರು ಈ ವಿಷಯದಲ್ಲಿ ತಕರಾರು ತೆಗೆದ ದಾಖಲೆಯಿಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರು ದೂರದ ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಇದೇ ಪದ್ಧತಿಯು ಬೇರೊಂದು ವೇಷದಲ್ಲಿ ನಡೆಯುತ್ತ ಬಂದಿದೆ. ಪೆಟ್ರೋಲು ಕುಡಿದು ಮಾಲೀಕನನ್ನು ಬಡವನನ್ನಾಗಿಸುತ್ತಿದ್ದ ಅಂಬಾಸಿಡರ್ ಕಾರುಗಳ ಎಂಜಿನ್ನುಗಳನ್ನು ಇಳಿಸಿ, ಅವುಗಳ ಸ್ಥಾನದಲ್ಲಿ ಡೀಸೆಲ್ ಎಂಜಿನ್ನುಗಳನ್ನು ಕೂರಿಸಿ, ಅದೇ ಗಾಡಿಯನ್ನು ಮತ್ತೆ ಹತ್ತು ವರ್ಷ ಟ್ಯಾಕ್ಸಿಯಾಗಿ ಓಡಿಸಿದ ಕಾಲವೊಂದಿತ್ತು. "ಗಾಡಿ ಅದ ಇರ್ತದ್ರಿ, ಇಂಜಿನ್ ಅಷ್ಟ ಬ್ಯಾರೆ" ಎಂಬುದು ಮಿಸ್ತ್ರಿಗಳ ಸಿದ್ಧಾಂತ. ಆರ್‌ಟಿಓ ಕಚೇರಿಯೂ ಈ ಸಿದ್ಧಾಂತವನ್ನು ತನ್ನದೇ ಆದ ರೀತಿಯಲ್ಲಿ ಮಾನ್ಯಮಾಡುತ್ತದೆ: ಆರ್‌ಸಿ ಪುಸ್ತಕದಲ್ಲಿ ಎಂಜಿನ್ನಿನ ಸಂಖ್ಯೆಯನ್ನು ತಿದ್ದಿ ಬರೆಯುತ್ತಾರೆ, ಚಾಸಿಯ ಸಂಖ್ಯೆಯನ್ನು ಮುಟ್ಟುವುದಿಲ್ಲ, ವಾಹನವು ಅದೇ ವಾಹನವೆಂದು ಸರಕಾರವು ಒಪ್ಪುತ್ತದೆ.

ಈ ಎರಡು ಸ್ಥಳಗಳಲ್ಲಿಯೂ ಪ್ರತಿನಿಧಿಯಿಂದ ಕಾರ್ಯವು ಸಾಗುತ್ತದೆ. ಸಾಗದಿದ್ದರೂ ಮಹಾನಷ್ಟವೇನೂ ಆಗುವುದಿಲ್ಲ. ದೇವರು ಕ್ಷಮಾಶೀಲನು, ಕಾರು ಕೆಟ್ಟರೆ ನವಲೂರಿನ ಬಳಿಯಲ್ಲಿಯೋ ರಾಯಾಪುರದ ಬಳಿಯಲ್ಲಿಯೋ ರಸ್ತೆಯ ಬದಿಗೆ ನಿಲ್ಲುತ್ತದೆ, ಅಷ್ಟೆ. ಆದರೆ ಕೆಟ್ಟಾಗ ಬದಿಗೆ ನಿಲ್ಲಲು ಬದಿಯೇ ಇಲ್ಲದ ವಾಹನವೊಂದುಂಟು. ಪೆಟ್ಟಿಗೆಗಳಲ್ಲಿ ಬಿಡಿಭಾಗಗಳಾಗಿ ಬಂದ ಪುಟ್ಟ ವಿಮಾನವನ್ನು ಹಿತ್ತಲಿನಲ್ಲಿಯೋ ಬಾಡಿಗೆಯ ಶೆಡ್ಡಿನಲ್ಲಿಯೋ ವರ್ಷಾನುಗಟ್ಟಲೆ ಕುಳಿತು ಜೋಡಿಸಿ, ಅದನ್ನು ಕಲ್ಪಿಸಿದವರು ವಿಧಿಸಿದ ಎಂಜಿನ್ನನ್ನು ಬಿಟ್ಟು, ಕಾರಿಗಾಗಿ ಹುಟ್ಟಿದ ಎಂಜಿನ್ನೊಂದನ್ನು ಅದರ ಮೂಗಿಗೆ ಕಟ್ಟಿ ಆಕಾಶಕ್ಕೆ ಏರುವ ಜನರು ಜಗತ್ತಿನ ನಾನಾ ದೇಶಗಳಲ್ಲಿದ್ದಾರೆ. ಇವರ ಸಾಹಸವನ್ನು ಮೆಚ್ಚುವವರೂ ಹಳಿಯುವವರೂ ಅದನ್ನು ಯಂತ್ರಶಾಸ್ತ್ರದ ಪ್ರಶ್ನೆಯೆಂದು ಮಾತ್ರ ತಿಳಿಯುತ್ತಾರೆ. ನನಗೆ ಅದು ಬಹು ಪ್ರಾಚೀನವಾದ ಧರ್ಮಪ್ರಶ್ನೆಯೊಂದರ ಹೊಸ ರೂಪವೆಂದು ತೋರುತ್ತದೆ. ವಿಧಿಸಿದುದರ ಸ್ಥಾನದಲ್ಲಿ ಮತ್ತೊಂದು ನಿಲ್ಲಬಹುದೆ? ನಿಲ್ಲಬಹುದಾದರೆ ಯಾವ ನಿಬಂಧನೆಯ ಮೇಲೆ? ಯಾವುದರ ಸ್ಥಾನದಲ್ಲಿ ಮತ್ತಾವುದೂ ಸರ್ವಥಾ ನಿಲ್ಲಲಾರದು?

ಮೊದಲು ಯಂತ್ರದ ಸಂಗತಿಯನ್ನು ತಿಳಿದುಕೊಳ್ಳಬೇಕು. ಆದಿಯಲ್ಲಿ ಎಲ್ಲ ವಿಮಾನಗಳೂ ಮನೆಯಲ್ಲಿ ಕಟ್ಟಿದವೇ. ಅಮೆರಿಕದ ರೈಟ್ ಸೋದರರು ಹಗುರವಾದ ಎಂಜಿನ್ನಿಗಾಗಿ ತಯಾರಕರಿಗೆ ಪತ್ರ ಬರೆದು, ಬೇಕಾದುದು ದೊರೆಯದೆ, ತಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕನಾಗಿದ್ದ ಚಾರ್ಲಿ ಟೇಲರನ ಕೈಯಿಂದ ಸುಮಾರು ಆರು ವಾರಗಳಲ್ಲಿ 12 ಅಶ್ವಶಕ್ತಿಯ ಎಂಜಿನ್ನೊಂದನ್ನು ಮಾಡಿಸಿಕೊಂಡು 1903ರಲ್ಲಿ ಹಾರಿದರು. (ನಮ್ಮ ನೆರೆಯ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮವೂ ಸೈಕಲ್ ಅಂಗಡಿಯಿಂದಲೇ ಹೊರಟಿತೆಂಬುದು ನೆನಪಾಗುತ್ತದೆ, ಅವರು ಆಕಾಶದ ಕಡೆಗೆ ನೋಡದೆ ನೆಲದ ಕಡೆಗೆ ನೋಡಿ ಕಬ್ಬಿಣದ ನೇಗಿಲನ್ನು ಮಾಡಿದರು. ನಮ್ಮ ಒಕ್ಕಲಿಗರಿಗೆ ಅದೇ ಹೆಚ್ಚು ಉಪಕಾರವಾಯಿತು.) ಮುಂದೆ ವಿಮಾನನಿರ್ಮಾಣವು ಕಾರಖಾನೆಗಳ ಪಾಲಾಯಿತಾದರೂ ಮನೆಯಲ್ಲಿ ಕಟ್ಟುವವರ ಕುಲ ಅಳಿಯಲಿಲ್ಲ, 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬಾತನು ಅಮೆರಿಕದಲ್ಲಿ ಅಂಥವರದೊಂದು ಸಂಘವನ್ನೇ ಕಟ್ಟಿದನು. ನಮ್ಮ ದೇಶದಲ್ಲಿ ಈ ಕುಲ ಚಿಕ್ಕದು. ಮುಂಬಯಿಯಲ್ಲಿ ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವರಿಗೆ 2017ರಲ್ಲಿ ನೋಂದಣಿ ದೊರೆತುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಮನೆಕಟ್ಟಿನ ವಿಮಾನದ ಒಂದು ಬೀಜವು ಕರ್ನಾಟಕದ ಸರಕಾರಿ ನೆಲದಲ್ಲಿಯೇ ಮೊಳೆತಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1980ರ ದಶಕದಲ್ಲಿ, ಹವ್ಯಾಸಿಗಳು ತಾವೇ ಕಟ್ಟಿಕೊಳ್ಳಲೆಂದು ಬರ್ಟ್ ರೂಟಾನ್ ರಚಿಸಿದ ಲಾಂಗ್-ಇಜೆಡ್ ವಿಮಾನದ ಮಾದರಿಯ ಮೇಲೆ ಗಾಜಿನ ನಾರಿನ ಪುಟ್ಟ ವಿಮಾನವೊಂದನ್ನು ಕಟ್ಟಿ ಕೈ ಪಳಗಿಸಿಕೊಂಡರು. ಅನಂತರ 'ಹಂಸ' ಬಂದಿತು. 1993ರಲ್ಲಿ ಹಾರಿದ ಮೊದಲ ಹಂಸದಲ್ಲಿದ್ದುದು ಅಮೆರಿಕದ ಕಾಂಟಿನೆಂಟಲ್ ಎಂಜಿನ್ನು. 2000ದಲ್ಲಿ ಪ್ರಮಾಣಪತ್ರ ಪಡೆದ ಹಂಸದಲ್ಲಿದ್ದುದು ಆಸ್ಟ್ರಿಯಾದ ರೋಟ್ಯಾಕ್ಸ್. ಹಂಸೆಯೂ ಹೃದಯವನ್ನು ಬದಲಿಸಿಕೊಂಡೇ ಪ್ರೌಢವಾದುದು.

ಕಾರಿನ ಎಂಜಿನ್ನನ್ನು ವಿಮಾನಕ್ಕೆ ಕಟ್ಟುವುದರಲ್ಲಿ ತೊಡಕೇನು? ನೂರು ಅಶ್ವಶಕ್ತಿಗೆ ನೂರು ಅಶ್ವಶಕ್ತಿ ಸಮವಲ್ಲವೆ ಎಂದು ಕೇಳುವವನು ಅಂಕಗಣಿತವನ್ನು ಬಲ್ಲವನೇ ಹೊರತು ಎಂಜಿನ್ನನ್ನು ಬಲ್ಲವನಲ್ಲ. ಈಗಿನ ಕಾರಿನ ಎಂಜಿನ್ನು ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ ಐದೂವರೆ ಸಾವಿರ ಸುತ್ತುಗಳ ಆಸುಪಾಸಿನಲ್ಲಿ. ಒಂದು ಮೀಟರು ಎಪ್ಪತ್ತು ಸೆಂಟಿಮೀಟರು ವ್ಯಾಸದ ಪ್ರೊಪೆಲ್ಲರನ್ನು ಆ ವೇಗದಲ್ಲಿ ತಿರುಗಿಸಿದರೆ ಅದರ ತುದಿಯು ಸೆಕೆಂಡಿಗೆ 490 ಮೀಟರು ಓಡಬೇಕಾಗುತ್ತದೆ. ಶಬ್ದದ ವೇಗವೇ ಸುಮಾರು 340. ಶಬ್ದವನ್ನು ಮೀರಿದ ರೆಕ್ಕೆಯು ಆರ್ಭಟಿಸುತ್ತದೆ, ಎಳೆಯುವುದಿಲ್ಲ. ಅದೇ ಪ್ರೊಪೆಲ್ಲರು 2700 ಸುತ್ತುಗಳಲ್ಲಿ 240 ಮೀಟರಿಗೆ ನಿಂತು ತನ್ನ ಕೆಲಸವನ್ನು ಸೌಮ್ಯವಾಗಿ ಮಾಡುತ್ತದೆ. ಆದುದರಿಂದ ಎಂಜಿನ್ನಿಗೂ ಪ್ರೊಪೆಲ್ಲರಿಗೂ ನಡುವೆ ಹಲ್ಲುಚಕ್ರಗಳನ್ನೋ ಪಟ್ಟಿಯನ್ನೋ ಇಟ್ಟು ವೇಗವನ್ನು ಇಳಿಸಬೇಕು. ಹಾಗೆ ಇಟ್ಟೊಡನೆ, ಸಿಲಿಂಡರುಗಳಲ್ಲಿ ಒಂದರ ಅನಂತರ ಒಂದು ನಡೆಯುವ ಸ್ಫೋಟಗಳಿಂದ ಹುಟ್ಟುವ ತಿರುಚು-ಕಂಪನವು ಆ ಮಧ್ಯಸ್ಥನ ಮೇಲೆ ಎರಗುತ್ತದೆ, ಅನೇಕ ಪ್ರಯೋಗಗಳು ಮುರಿದುದು ಇಲ್ಲಿಯೇ. ಕಾರು ಹೆದ್ದಾರಿಯಲ್ಲಿ ನಿಶ್ಚಿಂತೆಯಿಂದ ಓಡುವಾಗ ತನ್ನ ಶಕ್ತಿಯ ಅಲ್ಪಾಂಶವನ್ನು ಮಾತ್ರ ವ್ಯಯಿಸುತ್ತದೆ. ವಿಮಾನದ ಎಂಜಿನ್ನು ಮುಕ್ಕಾಲು ಪಾಲು ಶಕ್ತಿಯನ್ನು ಗಂಟೆಗಟ್ಟಲೆ ಎಡೆಬಿಡದೆ ಕೊಡಬೇಕು. ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ವ್ಯವಸ್ಥೆಗಳು ಎರಡಿರುತ್ತವೆ, ಒಂದು ಸತ್ತರೆ ಮತ್ತೊಂದು ಬದುಕಿರಲೆಂದು. ಕಾರಿಗೆ ಒಂದೇ ಸಾಕು. ಮೂಗಿನ ಮೇಲೆ ಇಪ್ಪತ್ತು ಕಿಲೋ ಭಾರ ಹೆಚ್ಚಾದರೆ ಗುರುತ್ವಕೇಂದ್ರವು ಮುಂದೆ ಸರಿದು, ಬ್ಯಾಟರಿಯನ್ನು ಬಾಲದ ಕಡೆಗೆ ಒಯ್ಯಬೇಕಾಗುತ್ತದೆ. ಒಂದನ್ನು ಬದಲಿಸಿದವನು ಒಂದನ್ನೇ ಬದಲಿಸಿ ಕೈ ತೊಳೆದುಕೊಳ್ಳಲಾಗುವುದಿಲ್ಲ.

ಈಗ ವೇದವಿಧಿಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಕರ ಕಡೆಗೆ ಬರೋಣ. ಯಜ್ಞದಲ್ಲಿ ವಿಧಿಸಿದ ದ್ರವ್ಯವು ದೊರೆಯದಿದ್ದರೆ, ಅಥವಾ ದೊರೆತುದು ನಡುವೆ ಕೆಟ್ಟುಹೋದರೆ, ಏನು ಗತಿಯೆಂಬ ಪ್ರಶ್ನೆಯನ್ನು ಜೈಮಿನಿಯು ತನ್ನ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಎತ್ತಿಕೊಂಡಿದ್ದಾನೆ. ಶಬರಸ್ವಾಮಿಯ ಭಾಷ್ಯವು ಅದನ್ನು ವಿಸ್ತರಿಸುತ್ತದೆ. ವ್ರೀಹಿ ಇಲ್ಲದಿದ್ದರೆ ನೀವಾರವನ್ನು, ಎಂದರೆ ತಾನಾಗಿ ಬೆಳೆದ ಕಾಡುಭತ್ತವನ್ನು ಹಿಡಿಯಬಹುದು. ಕೈಗೆ ಸಿಕ್ಕಿದುದನ್ನೆಲ್ಲ ಹಿಡಿಯುವಂತಿಲ್ಲ, ಮೂಲಕ್ಕೆ ಅತ್ಯಂತ ಸದೃಶವಾದುದನ್ನೇ ಹಿಡಿಯಬೇಕು. ಆ ಪ್ರತಿನಿಧಿಯೂ ನಷ್ಟವಾದರೆ ಮತ್ತೆ ಹುಡುಕಬೇಕಾದುದು ಮೂಲವನ್ನು ಹೋಲುವ ವಸ್ತುವನ್ನು, ಪ್ರತಿನಿಧಿಯನ್ನು ಹೋಲುವ ವಸ್ತುವನ್ನಲ್ಲ. ಇದು ಸಾಮಾನ್ಯ ಮಾತಿನಂತೆ ಕಂಡರೂ ಬಹು ದೂರದೃಷ್ಟಿಯ ಮಾತು, ಏಕೆಂದರೆ ಬದಲಿಗೆ ಬದಲಿ, ಅದಕ್ಕೆ ಮತ್ತೊಂದು ಬದಲಿ ಎಂದು ಜಾರುತ್ತ ಹೋಗುವವನು ಕೊನೆಗೆ ಎಲ್ಲಿ ಬಂದು ಬಿದ್ದನೆಂದು ತಾನೇ ಅರಿಯನು. ಹಳೆಯ ಎಂಜಿನ್ನುಗಳನ್ನು ರಿಪೇರಿ ಮಾಡುವವರಿಗೆ ಇದರ ಅನುಭವ ಚೆನ್ನಾಗಿ ಉಂಟು. ಇನ್ನು ನಿಷಿದ್ಧವಾದುದು ಎಷ್ಟೇ ಹೋಲಿದರೂ ಪ್ರತಿನಿಧಿಯಾಗಲಾರದು: ಹೆಸರುಕಾಳು ಇಲ್ಲವೆಂದು ಉದ್ದನ್ನು ಯಜ್ಞಕ್ಕೆ ತರುವಂತಿಲ್ಲ. ಈ ನಿಯಮದ ಔಚಿತ್ಯವು ನನಗೆ ಪೂರ್ಣವಾಗಿ ಮನದಟ್ಟಾದುದು ಪೆಟ್ರೋಲ್ ಪಂಪಿನಲ್ಲಿ. ಈಗ ನಮ್ಮ ಪಂಪುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿದೆ. ರೋಟ್ಯಾಕ್ಸ್ 912 ಎಂಜಿನ್ನಿನ ತಯಾರಕರು ಒಪ್ಪುವುದು ನೂರಕ್ಕೆ ಹತ್ತರವರೆಗೆ. ಬಣ್ಣ ಅದೇ, ವಾಸನೆ ಅದೇ, ಹೊತ್ತಿ ಉರಿಯುವ ಗುಣವೂ ಅದೇ. ಆದರೆ ಎಥನಾಲು ನೀರನ್ನು ಹೀರುತ್ತದೆ, ರಬ್ಬರಿನ ನಳಿಗೆಗಳನ್ನೂ ಕೆಲವು ಜಾತಿಯ ಟ್ಯಾಂಕುಗಳ ರಾಳವನ್ನೂ ತಿನ್ನುತ್ತದೆ. ಹೋಲಿಕೆ ಪೂರ್ಣ, ನಿಷೇಧವೂ ಪೂರ್ಣ.

ಮೀಮಾಂಸಕರ ಇದಕ್ಕಿಂತಲೂ ಗಹನವಾದ ವಿವೇಕವು ನಿತ್ಯ-ಕಾಮ್ಯಗಳ ಭೇದದಲ್ಲಿದೆ. ನಿತ್ಯಕರ್ಮವು ಬಿಡಲಾಗದುದು, ಆದುದರಿಂದ ಅದರ ಅಂಗಗಳಲ್ಲಿ ಕೆಲವು ನ್ಯೂನವಾದರೂ ಯಥಾಶಕ್ತಿಯಾಗಿ ಮಾಡಿ ಮುಗಿಸಬಹುದು. ಕಾಮ್ಯಕರ್ಮವು ಹಾಗಲ್ಲ. ಫಲವನ್ನು ಬಯಸಿ ತಾನಾಗಿ ಕೈಕೊಂಡ ಕರ್ಮವನ್ನು ಎಲ್ಲ ಅಂಗಗಳನ್ನೂ ಪೂರ್ಣವಾಗಿ ಒದಗಿಸಿಕೊಳ್ಳಬಲ್ಲವನು ಮಾತ್ರ ಆರಂಭಿಸಬೇಕು. ಯಾರೂ ನಿನ್ನನ್ನು ಒತ್ತಾಯಿಸಲಿಲ್ಲವಷ್ಟೆ?

ನಿತ್ಯದ ಪಕ್ಷಕ್ಕೆ ಉದಾಹರಣೆ ಬೇಕಾದರೆ ಬೆಂಗಳೂರಿನ 'ಮರುತ್' ಯುದ್ಧವಿಮಾನವಿದೆ. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಅದನ್ನು ಶಬ್ದದ ಇಮ್ಮಡಿ ವೇಗಕ್ಕೆಂದು ರಚಿಸಿದನು. ಅವನ ಮನಸ್ಸಿನಲ್ಲಿದ್ದುದು ರಿಹೀಟ್ (ಹೊರಬೀಳುವ ಅನಿಲದಲ್ಲಿ ಮತ್ತೆ ಇಂಧನವನ್ನು ಉರಿಸಿ ನೂಕುಬಲವನ್ನು ಹೆಚ್ಚಿಸುವ ವ್ಯವಸ್ಥೆ) ಸಹಿತವಾದ ಆರ್ಫಿಯಸ್ 12 ಎಂಜಿನ್ನು. ಆ ಎಂಜಿನ್ನನ್ನು ಬ್ರಿಟಿಷರು ಕೈಬಿಟ್ಟರು, ಅದರ ವೆಚ್ಚವನ್ನು ಹೊರಲು ನಾವು ಮುಂದಾಗಲಿಲ್ಲ. 1961ರ ಜೂನ್ 17ರಂದು ಸುರಂಜನ ದಾಸರು ಮರುತ್ತನ್ನು ಮೊದಲಿಗೆ ಹಾರಿಸಿದಾಗ ಅದರಲ್ಲಿದ್ದುದು ರಿಹೀಟ್ ಇಲ್ಲದ ಆರ್ಫಿಯಸ್ 703. ಬಯಸಿದ ನೂಕುಬಲದ ಹತ್ತರಲ್ಲಿ ಆರು ಪಾಲು ಮಾತ್ರ. ಇಮ್ಮಡಿ ವೇಗವು ಕನಸಾಗಿಯೇ ಉಳಿಯಿತು. ಆದರೂ ದೇಶರಕ್ಷಣೆಯು ನಿತ್ಯಕರ್ಮವಾದುದರಿಂದ, ಬೇಕಾದ ಎಂಜಿನ್ನು ಬರುವತನಕ ಶತ್ರುವು ಕಾಯುವುದಿಲ್ಲವಾದುದರಿಂದ, ಇದ್ದುದರಿಂದಲೇ ನೂರಕ್ಕೂ ಹೆಚ್ಚು ಮರುತ್ತುಗಳನ್ನು ಕಟ್ಟಿದರು. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹೋರಾಡಿದವು. ಕೊರತೆಯನ್ನು ತುಂಬಿಕೊಳ್ಳಲೆಂದು ರಿಹೀಟ್ ಜೋಡಿಸಿದ ಆರ್ಫಿಯಸ್ಸಿನ ಮಾದರಿಯೊಂದನ್ನು ಪರೀಕ್ಷಿಸುತ್ತ 1970ರ ಜನವರಿ 10ರಂದು ದಾಸರು ಪ್ರಾಣವನ್ನು ಕಳೆದುಕೊಂಡರು. ಬೆಂಗಳೂರಿನ ರಸ್ತೆಯೊಂದಕ್ಕೆ ಅವರ ಹೆಸರಿದೆ, ಅಲ್ಲಿ ದಿನವೂ ವಾಹನದಟ್ಟಣೆಯಲ್ಲಿ ನಿಲ್ಲುವವರಲ್ಲಿ ಎಷ್ಟು ಜನ ಅವರನ್ನು ನೆನೆಯುತ್ತಾರೋ. ಮರುತ್ತು ಸೋತ ವಿಮಾನವೆಂದು ಹೇಳುವ ವಾಡಿಕೆಯಿದೆ. ನಾನು ಒಪ್ಪುವುದಿಲ್ಲ. ಅಂಗವೈಕಲ್ಯದಿಂದ ನಡೆದರೂ ನಡೆದ ನಿತ್ಯಕರ್ಮ ಅದು.

ಮನೆಯಲ್ಲಿ ವಿಮಾನ ಕಟ್ಟುವವನ ಹಾರಾಟವಾದರೋ ಅಪ್ಪಟ ಕಾಮ್ಯ. ಗೋಕುಲ ರಸ್ತೆಯ ವಿಮಾನನಿಲ್ದಾಣದಿಂದ ಟಿಕೆಟು ಕೊಂಡು ಹಾರಬಹುದಾದ ಈ ಕಾಲದಲ್ಲಿ ತಾನೇ ಕಟ್ಟಿ ತಾನೇ ಹಾರಬೇಕೆಂಬುದು ಯಾವ ವಿಧಿಯೂ ಹೇರದ ಬಯಕೆ. ಹಾಗಾದರೆ ಮೀಮಾಂಸಕನ ತೀರ್ಪು ಕಠಿಣವಾಯಿತು: ವಿಧಿಸಿದ ಎಂಜಿನ್ನನ್ನು ತರಲಾರದವನು ಆ ವಿಮಾನವನ್ನು ಆರಂಭಿಸಲೇ ಕೂಡದು. ಇದಕ್ಕೆ ಪ್ರತಿಪಕ್ಷವಿಲ್ಲವೆ? ಇದೆ. 1929ರಲ್ಲಿ ಮಿನೆಸೋಟಾದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲನು ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನು ತನ್ನ ಏರ್ ಕ್ಯಾಂಪರ್ ವಿಮಾನಕ್ಕೆ ಕಟ್ಟಿ ಹಾರಿದನು. ಆ ಎಂಜಿನ್ನು ಭಾರವಾದುದು, ಆದರೆ ನಿಮಿಷಕ್ಕೆ 2200 ಸುತ್ತುಗಳಲ್ಲಿಯೇ 40 ಅಶ್ವಶಕ್ತಿ ಕೊಡುವಂಥ ಮಂದಗಾಮಿ. ಹಲ್ಲುಚಕ್ರದ ಮಧ್ಯಸ್ಥಿಕೆಯಿಲ್ಲದೆ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸಬಲ್ಲುದು. ಪೀಟನ್‌ಪೋಲನು ಅದನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದನು, ಕಿಡಿಗಾಗಿ ಮ್ಯಾಗ್ನೆಟೊ ಹಾಕಿದನು, ರೇಡಿಯೇಟರನ್ನು ಎಂಜಿನ್ನಿನ ಮೇಲೆ ಕಣ್ಣಿಗೆ ಅಡ್ಡವಾಗುವಂತೆ ನಿಲ್ಲಿಸಿದನು. ನೋಡಲು ಅಂದವಿಲ್ಲ, ಆದರೆ ಹಾರಿತು, ಆ ಮಾದರಿಯ ವಿಮಾನಗಳು ಈಗಲೂ ಹಾರುತ್ತಿವೆ. ಇಲ್ಲಿ ಫೋರ್ಡ್ ಎಂಜಿನ್ನು ಯಾರ ಪ್ರತಿನಿಧಿ? ಯಾರದೂ ಅಲ್ಲ. ರೆಕ್ಕೆಯ ಅಳತೆಯನ್ನೂ ಮೂಗಿನ ಉದ್ದವನ್ನೂ ಅದರ ಭಾರವನ್ನು ಲೆಕ್ಕಕ್ಕೆ ಹಿಡಿದೇ ಗೊತ್ತುಮಾಡಿದುದರಿಂದ ಅದೇ ಅಲ್ಲಿ ಮುಖ್ಯದ್ರವ್ಯ. ರೋಟ್ಯಾಕ್ಸ್ 912ಕ್ಕೆಂದು ರಚಿಸಿದ ಕಿಟ್ಟಿಗೆ ನಮ್ಮ ಮಾರುತಿ ಕಾರುಗಳಲ್ಲಿದ್ದಂಥ ಸುಜುಕಿ ಎಂಜಿನ್ನನ್ನು ಕಟ್ಟುವವನ ಕಾರ್ಯವು ಬೇರೆಯ ಜಾತಿಗೆ ಸೇರಿದುದು. ಅವನು ವಿಧಿಯನ್ನು ರಚಿಸುತ್ತಿಲ್ಲ; ಇನ್ನೊಬ್ಬರ ವಿಧಿಯಲ್ಲಿ ಒಂದು ಪದವನ್ನು ಅಳಿಸಿ ಬರೆಯುತ್ತಿದ್ದಾನೆ.

ಆ ರೋಟ್ಯಾಕ್ಸಿನ ಕುಲವನ್ನು ಕೆದಕಿದರೂ ಸ್ವಾರಸ್ಯವಿದೆ. ಬೆಂಗಳೂರಿನ ರಾಜಹಂಸ ಸಂಸ್ಥೆಯ ಎಕ್ಸ್-ಏರ್ ಮೊದಲಾದ ಬಟ್ಟೆರೆಕ್ಕೆಯ ಹಗುರ ವಿಮಾನಗಳನ್ನು ಹೊತ್ತು ತಿರುಗಿದ ರೋಟ್ಯಾಕ್ಸ್ ಕಂಪನಿಯ ಎರಡು-ಸ್ಟ್ರೋಕ್ ಎಂಜಿನ್ನುಗಳು ಹಿಮದ ಮೇಲೆ ಜಾರುವ ಗಾಡಿಗಳ ಎಂಜಿನ್ನುಗಳ ಸಂತಾನ. ಅವುಗಳ ಕೈಪಿಡಿಯಲ್ಲಿ ತಯಾರಕರು, ಈ ಎಂಜಿನ್ನು ಯಾವ ಗಳಿಗೆಯಲ್ಲಿಯಾದರೂ ಹಠಾತ್ತನೆ ನಿಂತುಹೋಗಬಹುದೆಂದು ಮುಚ್ಚುಮರೆಯಿಲ್ಲದೆ ಎಚ್ಚರಿಸಿದ್ದಾರೆ. ಇಷ್ಟು ಪ್ರಾಮಾಣಿಕವಾದ ಶಾಸ್ತ್ರವಾಕ್ಯ ಅಪರೂಪ. ನಿನ್ನೆಯ ಪ್ರತಿನಿಧಿಯು ಇಂದಿನ ವಿಧಿಯಾಗುವುದುಂಟು. ಆದರೆ ಅದು ಆಗುವುದು ಸಾವಿರಾರು ಗಂಟೆಗಳ ಓಟದಿಂದ, ಮುರಿದ ಭಾಗಗಳ ಲೆಕ್ಕದಿಂದ, ಕೆಲವು ಮನೆಗಳ ಶೋಕದಿಂದ.

ಇನ್ನೊಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಪ್ರತಿನಿಧಿಗೆ ಅವಕಾಶವಿರುವುದು ಮೂಲದ್ರವ್ಯವು ಇಲ್ಲದಾಗ. ಪೇಟೆಯಲ್ಲಿದೆ, ಆದರೆ ನನ್ನ ಕೈಗೆ ಎಟುಕದು ಎಂಬುದು ಇಲ್ಲದಿರುವಿಕೆಯೆ? ವಿಮಾನಕ್ಕೆಂದೇ ಹುಟ್ಟಿದ ಹೊಸ ಎಂಜಿನ್ನೊಂದರ ಬೆಲೆಗೆ ನಮ್ಮಲ್ಲಿ ಮನೆಯೊಂದನ್ನು ಕಟ್ಟಬಹುದು. ವ್ರತವಿಧಿಗಳನ್ನು ಬರೆದವರು ಈ ತೊಡಕನ್ನು ಬಲ್ಲವರಾಗಿದ್ದರು: ದರಿದ್ರನು ಬಂಗಾರದ ಬದಲಿಗೆ ತನ್ನಿಂದಾದುದನ್ನು ಕೊಟ್ಟರೆ ಅವನ ವ್ರತ ಪೂರ್ಣ, ಉಳ್ಳವನು ಹಾಗೆ ಮಾಡಿದರೆ ಅದು ವಿತ್ತಶಾಠ್ಯವೆಂಬ ದೋಷ. ಒಂದೇ ಕ್ರಿಯೆ, ಒಬ್ಬನಲ್ಲಿ ಶ್ರದ್ಧೆ, ಇನ್ನೊಬ್ಬನಲ್ಲಿ ಕಪಟ. ಬಹು ಸೂಕ್ಷ್ಮವಾದ ನ್ಯಾಯವಿದು, ದಯೆಯುಳ್ಳ ನ್ಯಾಯವೂ ಹೌದು. ಆದರೆ ಇದು ನಡೆಯುವುದು ಫಲವು ಅದೃಷ್ಟವಾಗಿರುವಲ್ಲಿ, ಎಂದರೆ ಕಣ್ಣಿಗೆ ಕಾಣದಿರುವಲ್ಲಿ, ತೂಗುವ ಕೈ ಹೃದಯವನ್ನು ನೋಡಬಲ್ಲಲ್ಲಿ. ಗುರುತ್ವಾಕರ್ಷಣವು ದಾರಿದ್ರ್ಯವನ್ನೂ ಶಾಠ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ನಮ್ಮ ನಾಡಿನವರು ಬಹುಕಾಲ ಅದೃಷ್ಟಫಲದ ಕರ್ಮಗಳಲ್ಲಿ ಪಳಗಿದವರು. ಪ್ರತಿನಿಧಿಯಿಂದ ಕೆಲಸ ಕೆಟ್ಟಿತೆಂದು ಅಲ್ಲಿ ಯಾರೂ ಸಾಧಿಸಿ ತೋರಿಸಲಾರರು. ಆ ಅಭ್ಯಾಸದ ಔದಾರ್ಯವನ್ನು ದೃಷ್ಟಫಲದ ಕೆಲಸಗಳಿಗೂ, ಸೇತುವೆಗೆ, ಔಷಧಕ್ಕೆ, ಬಸ್ಸಿನ ಬ್ರೇಕಿಗೆ, ನಾವು ವಿಸ್ತರಿಸುತ್ತಿರುವುದೇ ನನ್ನ ದೃಷ್ಟಿಯಲ್ಲಿ ನಮ್ಮ ಮುಖ್ಯ ಪ್ರಮಾದ. 'ಅಡ್ಜಸ್ಟ್ ಮಾಡ್ರಿ' ಎಂಬ ಮಾತು ಪೂಜೆಯ ಕೋಣೆಯಲ್ಲಿ ಸಾಧು. ಅದು ಅಲ್ಲಿಂದ ಹೊರಗೆ ಬಂದಾಗ ಅದರ ಕೈಯಲ್ಲಿ ಅಕ್ಷತೆ ಇರುವುದಿಲ್ಲ.

ಹಾಗಾದರೆ ಏನಕ್ಕೆ ಪ್ರತಿನಿಧಿಯಿಲ್ಲ? ದೇವತೆಗಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ, ಕ್ರಿಯೆಗಿಲ್ಲ ಎನ್ನುತ್ತದೆ ಜೈಮಿನೀಯ ನ್ಯಾಯ. ಮತ್ತು ಸ್ವಾಮಿಗೆ, ಎಂದರೆ ಯಜಮಾನನಿಗೆ ಇಲ್ಲ. ಋತ್ವಿಜನನ್ನು ಬದಲಿಸಬಹುದು, ಫಲವನ್ನು ಉಣ್ಣಬೇಕಾದವನನ್ನು ಬದಲಿಸಲಾಗದು. ಕಲ್ಯಾಣದ ಶರಣರು ಈ ಯಜ್ಞವನ್ನೇ ನಿರಾಕರಿಸಿದವರು. ಅವರ ನಾಡಿನಲ್ಲಿ ಕುಳಿತು ಯಜ್ಞನ್ಯಾಯವನ್ನು ಎತ್ತಿದುದಕ್ಕೆ ಮುರುಘಾಮಠದ ಕಡೆಯ ಮಿತ್ರರು ನನ್ನನ್ನು ತರಾಟೆಗೆ ತೆಗೆದುಕೊಳ್ಳಬಹುದು. ಆದರೆ ಈ ಒಂದು ವಿಷಯದಲ್ಲಿ ಬಸವಣ್ಣನವರು ಜೈಮಿನಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದಾರೆ. ಜೈಮಿನಿಯ ಯಜಮಾನನು ದಕ್ಷಿಣೆ ಕೊಟ್ಟು ಕೆಲಸವನ್ನು ಪರರಿಂದ ಮಾಡಿಸಿ ಫಲವನ್ನು ತಾನು ಪಡೆಯಬಹುದು. ಬಸವಣ್ಣನವರು ತನ್ನ ಲಿಂಗಕ್ಕೆ ಸಲ್ಲಬೇಕಾದ ನಿತ್ಯನೇಮವನ್ನು ಬೇರೊಬ್ಬರ ಕೈಯಿಂದ ಮಾಡಿಸುವುದನ್ನೇ ಒಪ್ಪಲಿಲ್ಲ. ಅಮೆರಿಕದ ವಿಮಾನ ಇಲಾಖೆಯವರು ಇವರಿಬ್ಬರ ಹೆಸರನ್ನೂ ಕೇಳಿದವರಲ್ಲ. ಆದರೂ ಮನೆಕಟ್ಟಿನ ವಿಮಾನವೆಂದು ಒಪ್ಪಬೇಕಾದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ತಮ್ಮ ಕೈಯಿಂದಲೇ, ಕಲಿಯುವುದಕ್ಕಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕೆಂದು ವಿಧಿಸಿದ್ದಾರೆ. ಈ ವಿಧಿ ಜೈಮಿನಿಯದಲ್ಲ, ಬಸವಣ್ಣನವರದು.

ಪ್ರತಿನಿಧಿಯ ವಿಷಯದಲ್ಲಿಯೂ ಆ ಇಲಾಖೆಯದೊಂದು ಪ್ರಾಯಶ್ಚಿತ್ತವಿಧಿ ಇದೆ. ಪ್ರಮಾಣಿತವಾದ ಎಂಜಿನ್ನೂ ಪ್ರೊಪೆಲ್ಲರೂ ಕೂಡಿದ ವಿಮಾನಕ್ಕೆ ಸಾಮಾನ್ಯವಾಗಿ 25 ಗಂಟೆಗಳ ಪರೀಕ್ಷಾಹಾರಾಟ. ಅಪ್ರಮಾಣಿತವಾದ ಜೋಡಿಗೆ 40 ಗಂಟೆ. ಆ ಗಂಟೆಗಳು ಮುಗಿಯುವತನಕ ನಿಗದಿಯಾದ ಪ್ರದೇಶವನ್ನು ದಾಟುವಂತಿಲ್ಲ, ನಡೆಸಲು ಅಗತ್ಯವಾದವರ ಹೊರತು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಹೆಂಡತಿ ಮಕ್ಕಳನ್ನೂ ಇಲ್ಲ, ಬಾಡಿಗೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ರಿವೆಟು ಹಿಡಿದುಕೊಟ್ಟ ಸ್ನೇಹಿತನನ್ನೂ ಇಲ್ಲ. ಎಂಜಿನ್ನಿಗೆ ಪ್ರತ್ಯೇಕವಾದ ಲಾಗ್ ಪುಸ್ತಕವಿರುತ್ತದೆ; ಅದರಲ್ಲಿ ಆ ಗಂಟೆಗಳು ಒಂದೊಂದಾಗಿ ಸಂಚಿತವಾಗುತ್ತವೆ, ನಾಳೆ ಆ ಎಂಜಿನ್ನು ಈ ದೇಹವನ್ನು ಬಿಟ್ಟು ಇನ್ನೊಂದಕ್ಕೆ ಹೋದರೂ ಪುಸ್ತಕವು ಅದರ ಬೆನ್ನಿಗೇ ಹೋಗುತ್ತದೆ.

ವಿಮಾನವನ್ನು ಮಾರಿದಾಗ ಏನಾಗುತ್ತದೆ? ಕಟ್ಟಿದವನಿಗೆ, ಆ ಒಂದು ವಿಮಾನದ ಮಟ್ಟಿಗೆ, ವರ್ಷಕ್ಕೊಮ್ಮೆ ತಾನೇ ಪರೀಕ್ಷಿಸಿ ಹಾರಾಟಕ್ಕೆ ಯೋಗ್ಯವೆಂದು ರುಜು ಹಾಕುವ ಅಧಿಕಾರಪತ್ರವನ್ನು ಇಲಾಖೆಯು ಕೊಡುತ್ತದೆ. ಕೊಂಡವನಿಗೆ ವಿಮಾನವು ಸಲ್ಲುತ್ತದೆ, ಎಂಜಿನ್ನು ಸಲ್ಲುತ್ತದೆ, ಲಾಗ್ ಪುಸ್ತಕಗಳೂ ಸಲ್ಲುತ್ತವೆ. ಆ ಅಧಿಕಾರ ಮಾತ್ರ ಸಲ್ಲುವುದಿಲ್ಲ. ತನ್ನದೇ ಆದ ಬೇರೆ ಅರ್ಹತಾಪತ್ರವಿಲ್ಲದಿದ್ದರೆ ಅವನು ಪ್ರತಿವರ್ಷವೂ ಲೈಸೆನ್ಸುಳ್ಳ ಮೆಕ್ಯಾನಿಕನನ್ನು ಹುಡುಕಿಕೊಂಡು ಹೋಗಬೇಕು. ಯಜಮಾನರು ಅನೇಕರಿರುವ ಸತ್ರಯಾಗದಲ್ಲಿ ಒಬ್ಬನು ನಡುವೆ ತೀರಿಕೊಂಡರೆ ಸಂಖ್ಯೆಯನ್ನು ತುಂಬಲು ಮತ್ತೊಬ್ಬನನ್ನು ಕರೆತರಬಹುದೆಂದೂ, ಆದರೆ ಹಾಗೆ ಬಂದವನಿಗೆ ಯಾಗದ ಫಲದಲ್ಲಿ ಪಾಲಿಲ್ಲವೆಂದೂ ಮೀಮಾಂಸಕರು ನಿರ್ಣಯಿಸಿದ್ದಾರೆ. ಕೊಂಡುತಂದ ವಿಮಾನದಲ್ಲಿ ಕುಳಿತವನ ಸ್ಥಿತಿಯು ಅವನದಕ್ಕಿಂತ ತುಸು ಕಷ್ಟದ್ದು: ಕಟ್ಟಿದ ಸುಖವು ಅವನಿಗೆ ಬರಲಿಲ್ಲ, ಬದಲಿ ಎಂಜಿನ್ನಿನ ಅಪಾಯವು ಮಾತ್ರ ಪೂರ್ತಿಯಾಗಿ ಅವನದೇ. ಕೊಳ್ಳುವ ಮೊದಲು ಅವನು ಕೇಳಬೇಕಾದುದು ಎಷ್ಟು ಅಶ್ವಶಕ್ತಿಯೆಂದಲ್ಲ, ಹಲ್ಲುಚಕ್ರದ ಪೆಟ್ಟಿಗೆಯನ್ನು ಮಾಡಿದವರು ಯಾರು, ಅದನ್ನು ಕೊನೆಯ ಬಾರಿಗೆ ಬಿಚ್ಚಿ ನೋಡಿದುದು ಯಾವಾಗ ಎಂದು.